‘ಹೋಜಿರ್’ ಎಂಬ ಮಾತಿನ ಉದ್ದದ ಬಗ್ಗೆ ಭಟ್ಟಿಯ ಪೆಟ್ಟಿಗೆಯವರಿಗೆ ಒಂದು ದೂರು

ಪರಮ ಮಾನ್ಯರಾದ ಭಟ್ಟಿಯ ನಿಯಂತ್ರಕ ಪೆಟ್ಟಿಗೆಯವರೇ,

ಕೊಕಾಂದ್ ದಾರಿಯ ಪಿಂಗಾಣಿ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ಭಟ್ಟಿ ಕಾಯುತ್ತಿರುವ ಕಂಬರಾಲಿ ತೋಜಿಬೋಯೆವ್ ಎಂಬವನ ಸಲಾಮುಗಳು. ತಾವು ಕ್ಷೇಮವೇ, ತಮ್ಮ ತಂತಿಗಳು ಕ್ಷೇಮವೇ, ತಮ್ಮ ಫ್ಯಾನು ಧೂಳು ಕಟ್ಟದೆ ತಿರುಗುತ್ತಿದೆಯೇ, ದಣಿದಿಲ್ಲ ತಾನೇ? ಇಷ್ಟನ್ನು ಕೇಳದೆ ನಮ್ಮಲ್ಲಿ ಯಾರೂ ವಿಷಯಕ್ಕೆ ಬರುವುದಿಲ್ಲ, ಜಗಳ ಮಾಡಲು ಬಂದವರೂ ಬರುವುದಿಲ್ಲ.

ನವ್ರೂಜ್ ಹಬ್ಬ ಮುಗಿದ ವಾರ ಮಣ್ಣು ಕಲೆಸುವ ಯಂತ್ರ, ಬಟ್ಟಲು ಅಚ್ಚೊತ್ತುವ ಯಂತ್ರ, ಒಣಗಿಸುವ ಕೋಣೆ ಮತ್ತು ಭಟ್ಟಿ, ಈ ನಾಲ್ಕರ ಪೆಟ್ಟಿಗೆಗಳನ್ನೂ ಒಂದೇ ತಂತಿಯಲ್ಲಿ ಪೋಣಿಸಿದಾಗ ನಾನು ಮನಸಾರೆ ಚಪ್ಪಾಳೆ ತಟ್ಟಿದವನು. ಅಲ್ಲಿಯವರೆಗೆ ಬೇಲಿ ಜಗಳವಾಡಿದ ನೆರೆಯವರಂತೆ ತಂತಮ್ಮ ಮೂಲೆಯಲ್ಲಿ ಗುಂಯ್‌ಗುಡುತ್ತಿದ್ದ ತಾವು ನಾಲ್ವರೂ ಈಗ ಒಬ್ಬರ ಬಿಸಿ, ಒಬ್ಬರ ಎಣಿಕೆ, ಒಬ್ಬರ ಕೆಮ್ಮು ಇನ್ನೊಬ್ಬರಿಗೆ ಹೇಳಿಕೊಳ್ಳುತ್ತೀರಿ. ಕ್ಷಣಕ್ಕೆ ಹತ್ತು ಸಲ ‘ಇದ್ದೀಯಾ’, ‘ಇದ್ದೇನೆ’ ಎಂದು ವಿಚಾರಿಸಿಕೊಳ್ಳುತ್ತೀರಂತೆ. ನನ್ನ ಅತ್ತೆಯವರು ಕೂಡ ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚು ವಿಚಾರಿಸಿದವರಲ್ಲ.

ತಮಗೆ ತಿಳಿಯದೆ ಉಳಿದದ್ದು ಒಂದೇ, ಪಿಯೋಲಾ ಎಂದು ನಾವು ಕರೆಯುವ ಚಹಾ ಬಟ್ಟಲಿನ ತೇವ. ಅದನ್ನು ಅಳೆಯುವ ಉಪಕರಣ ದುಬಾರಿಯೆಂದು ಆ ಕೆಲಸವನ್ನು ಹಿಂದಿನಂತೆ ಇನೊಬತ್ ಓಪಾ ಅವರ ಕೆನ್ನೆಗೇ ಬಿಡಲಾಯಿತು. ಒಣಗಿಸುವ ಕೋಣೆಯ ಈ ಹಿರಿಯಕ್ಕ ಹಸಿ ಬಟ್ಟಲನ್ನು ಕೆನ್ನೆಗೆ ಒತ್ತಿ ನೋಡುತ್ತಾರೆ. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ ಎಂದರ್ಥ. ತಾವು ಬರುವ ಮುನ್ನ ನಾನು ಶೆಡ್ಡಿನ ಈ ತುದಿಯಿಂದ "ಓಪಾ, ಪಿಯೋಲಾ ಒಣಗಿದ್ವಾ?" ಎಂದು ಕೂಗುತ್ತಿದ್ದೆ, ಅವರು ಆ ತುದಿಯಿಂದ "ಹೋಜಿರ್!" ಎನ್ನುತ್ತಿದ್ದರು. ನಿಘಂಟು ತೆರೆದರೆ ಹೋಜಿರ್ ಎಂದರೆ ‘ಈಗ’ ಎಂದೇ ಇದೆ, ಆದರೆ ನಿಘಂಟಿನಲ್ಲಿ ಬಟ್ಟಲು ಒಣಗುವುದಿಲ್ಲವಲ್ಲ. ಗಂಟಲಿನಿಂದ ತುಂಡಾಗಿ ಬಂದ ಹೋಜಿರ್ ಅಂದರೆ ಐದು ನಿಮಿಷ, ‘ಹೋಜೀ...ರ್’ ಎಂದು ಎಳೆದದ್ದು ಕಾಲು ಗಂಟೆ; ‘ಹೋಜಿರ್ ಹೋಜಿರ್’ ಎಂದು ಎರಡು ಸಲ ಬಂದರೆ ನಾನು ಹೋಗಿ ಊಟ ಮುಗಿಸಿ ಬರುತ್ತಿದ್ದೆ. ಇಷ್ಟು ವರ್ಷಗಳಲ್ಲಿ ಈ ಲೆಕ್ಕ ಒಂದು ದಿನವೂ ತಪ್ಪಲಿಲ್ಲ.

ಆಮೇಲೆ ತಮಗೂ ಅವರಿಗೂ ನಡುವೆ ಒಂದು ಹಸಿರು ಗುಂಡಿ ಬಂತು. ಬಟ್ಟಲು ಬೇಕಾದಾಗ ತಾವು ಅಲ್ಲಿ ದೀಪ ಮಿನುಗಿಸುತ್ತೀರಿ, ಒಣಗಿದ್ದರೆ ಅವರು ಗುಂಡಿ ಒತ್ತಬೇಕು, ಒತ್ತಿದೊಡನೆ ತಾವು ಬಂಡಿಯನ್ನು ಭಟ್ಟಿಯೊಳಗೆ ನೂಕುತ್ತೀರಿ. ಆ ಗುಂಡಿಯ ಮೇಲೆ ದೊಡ್ಡಕ್ಷರದಲ್ಲಿ ‘ಹೋಜಿರ್’ ಎಂದು ಬರೆಸಲಾಗಿತ್ತು. ಯಾರು ಬರೆಸಿದರು ಎಂಬ ವಿಷಯಕ್ಕೆ, ನಾಚಿಕೆಯಿಂದಲೇ, ಮುಂದೆ ಬರುತ್ತೇನೆ.

ಮೊದಲ ದಿನ ಬೆಳಿಗ್ಗೆ ಹತ್ತು ಗಂಟೆ ನಲವತ್ತೆರಡು ನಿಮಿಷಕ್ಕೆ ತಮ್ಮ ದೀಪ ಮಿನುಗಿತು. ಓಪಾ ಅವರ ಎರಡು ಕೈಯಲ್ಲೂ ಹಲಗೆ, ಕೆನ್ನೆ ತಣ್ಣಗೆ. ಸ್ವಲ್ಪ ತಡಿ ಮಹಾರಾಯ ಎಂದು ಹೇಳಬೇಕಿತ್ತು, ಹಾಗೆ ಹೇಳುವ ಮಾತು ಎದುರಿಗೇ ಬರೆದಿತ್ತು, ಮೊಣಕೈಯಿಂದ ಒತ್ತಿದರು. ತಾವು ವಿಧೇಯರಾಗಿ ಎರಡು ಸಾವಿರದ ನೂರ ಅರವತ್ತು ಹಸಿ ಬಟ್ಟಲುಗಳನ್ನು ಬೆಂಕಿಗೆ ನೂಕಿದಿರಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ತಮಗೆ ನಿಮಿಷವೂ ಬೇಕಾಗಲಿಲ್ಲ. ಒಳಗೆ ಜೋಳದ ಅರಳು ಹುರಿದಂತೆ ಬಟ್ಟಲುಗಳು ಸಿಡಿಯುವ ಸದ್ದು ಕೇಳಿ ಓಪಾ ಹಲಗೆ ಹಿಡಿದೇ ಓಡಿಬಂದರು: "ಏನೋ ಇದು ಕಂಬರಾಲಿ, ಹೋಜಿರ್ ಅಂದ್ನಲ್ಲೋ! ತಡಿಯೋಕೇನು ದಾಡಿ ಇದಕ್ಕೆ?"

ಮರುದಿನದ ಸಭೆಯಲ್ಲಿ ಕಾರ್ಖಾನೆಯ ನಿರ್ದೇಶಕರು ತಮ್ಮ ಪೆಟ್ಟಿಗೆಯಲ್ಲಿದ್ದ ದಾಖಲೆಯನ್ನು ಓದಿದರು: ‘ಹತ್ತು ನಲವತ್ತೆರಡು, ಒಣಗಿಸುವ ಕೋಣೆ, ಈಗ, ಇನೊಬತ್.’ ಅದರಲ್ಲಿ ಒಂದಕ್ಷರ ಸುಳ್ಳಿಲ್ಲ, ನನ್ನ ದೂರೇ ಅದು. ಓಪಾ ಎದ್ದು ನಿಂತು, "ಹೋಜಿರ್ ಅಂದ್ರೆ ಈಗ್ಲೇ ಅಲ್ಲ ಅಂತ ಇಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ ಸಾಹೇಬ್ರೇ?" ಎಂದರು. ನಿರ್ದೇಶಕರು ಕನ್ನಡಕ ಒರೆಸಿಕೊಂಡು, "ಪೆಟ್ಟಿಗೆಗೆ ಗೊತ್ತಿಲ್ಲವಮ್ಮ" ಎಂದರು. ಅಂದೇ ಓಪಾ ಅವರನ್ನು ಹುಲ್ಲು ತುಂಬಿ ಬಟ್ಟಲು ಕಟ್ಟುವ ಕೆಲಸಕ್ಕೆ ಹಾಕಿದರು, ತಿಂಗಳ ಕೊನೆಗೆ ಕೆಲಸದಿಂದಲೇ ಬಿಡಿಸಬೇಕೆಂಬ ಕಾಗದವೂ ಸಿದ್ಧವಾಯಿತು. ಪಿಂಚಣಿಗೆ ಅವರಿಗೆ ಇನ್ನು ಹದಿನಾಲ್ಕು ತಿಂಗಳು ಬಾಕಿ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಮ್ರ ಕೋರಿಕೆಗಳಿವೆ. ಹೆಂಗಸಿನ ದನಿಯ ಉದ್ದ ಅಳೆಯುವುದನ್ನು ತಾವು ದಯಮಾಡಿ ಕಲಿಯಬೇಕು. ಗುಂಡಿಯನ್ನು ಬೆರಳಿನಿಂದ ಒತ್ತಿದರೋ ಮೊಣಕೈಯಿಂದ ಒತ್ತಿದರೋ, ಬೇಸರದಿಂದಲೋ ನಗುತ್ತಲೋ ಎಂಬುದನ್ನೂ ಆ ತಂತಿಯಲ್ಲೇ ತರಿಸಿಕೊಳ್ಳಬೇಕು. ನಮ್ಮಲ್ಲಿ ಅತಿಥಿಗೆ ಚಹಾವನ್ನು ಬಟ್ಟಲಿನ ತಳಕ್ಕೆ ಒಂದಿಷ್ಟೇ ಸುರಿಯುತ್ತೇವೆ, ಅಂಚಿನವರೆಗೆ ತುಂಬಿಸಿದರೆ ಎದ್ದು ಹೋಗು ಎಂದಂತೆ. ತಾವೂ ಬಂಡಿ ತುಂಬ ನೂಕುವ ಮೊದಲು ಒಂದೇ ಒಂದು ಬಟ್ಟಲು ನೂಕಿ, ಸದ್ದು ಕೇಳಿ, ಆಮೇಲೆ ಮುಂದುವರಿಯುವ ಮರ್ಯಾದೆ ತೋರಬೇಕು. ಇದಾವುದೂ ಆಗದಿದ್ದರೆ ತಮಗೊಂದು ಕೆನ್ನೆ ಮಾಡಿಸಿಕೊಡುವಂತೆ ಅರ್ಜಿ ಹಾಕಿಕೊಳ್ಳಬೇಕು. ಮೊದಲ ಸಹಿ ನನ್ನದೇ ಇರುತ್ತದೆ.

ಇನ್ನು ನಾಚಿಕೆಯ ವಿಷಯ. ಹೊರದೇಶದಿಂದ ಬಂದಿದ್ದ ಇಂಜಿನಿಯರ್ ಆ ಗುಂಡಿಗೆ ‘ತಯ್ಯೋರ್’ ಎಂದು ಬರೆದುಕೊಂಡು ಬಂದಿದ್ದರು. ತಯ್ಯೋರ್ ಅಂದರೆ ತಯಾರು. ಸರಿಯಾದ ಪದ, ಹಾಲು ಕುಡಿಯುವ ಮಗುವಿಗೂ ಅರ್ಥವಾಗುವ ಪದ. ಹತ್ತು ಜನರೆದುರು ಜಾಣನೆನಿಸಿಕೊಳ್ಳುವ ಚಪಲಕ್ಕೆ ನಾನು, "ಅಯ್ಯೋ, ಪುಸ್ತಕದ ಮಾತು ಯಾಕೆ ಸ್ವಾಮಿ? ನಮ್ಮೋರು ಆಡೋದು ಹೋಜಿರ್ ಅಂತ, ಅದನ್ನೇ ಬರೀರಿ" ಎಂದೆ. ಎಲ್ಲರೂ ಭೇಷ್ ಎಂದರು, ಅವರು ಪಾಪ ಬರೆದುಕೊಂಡರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನಿಂದ ಎರಡೂ ಹೋದವು. ಸಭೆಯಲ್ಲಿ ದಾಖಲೆ ಓದುವಾಗ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಂಡೆನೇ ಹೊರತು ಬಾಯಿ ಬಿಡಲಿಲ್ಲ. ಓಪಾ ಅಂದು ಆ ಹತ್ತು ಜನರಲ್ಲಿ ಒಬ್ಬರಾಗಿದ್ದರು. ಪದ ಯಾರದೆಂದು ಅವರಿಗೆ ಗೊತ್ತಿತ್ತು, ಆದರೂ ನನ್ನ ಹೆಸರು ಎತ್ತಲಿಲ್ಲ. ದಿನವೂ ಹುಲ್ಲಿನ ರಾಶಿಯ ಬಳಿ ಹೋಗಿ, "ನಿರ್ದೇಶಕರಿಗೆ ಹೇಳ್ತೀನಿ ಓಪಾ, ಹೋಜಿರ್" ಎನ್ನುತ್ತಿದ್ದೆ. ನನ್ನ ಆ ಹೋಜಿರ್ ಎಂಟು ದಿನ ಉದ್ದವಿತ್ತು. ಇಷ್ಟು ಹೇಡಿ ನಾನೆಂದು ನನಗೇ ತಿಳಿದಿರಲಿಲ್ಲ.

ನಿನ್ನೆ ತಪ್ಪೊಪ್ಪಿಗೆ ಬರೆದುಕೊಂಡು ಮೊದಲು ಅವರಿಗೇ ತೋರಿಸಿದೆ. ಓದಿದರು, ನಿಲುವಂಗಿಗೆ ಅಂಟಿದ ಹುಲ್ಲು ಕೊಡವಿಕೊಂಡರು. "ನಂಗೊತ್ತಿತ್ತು ಕಣೋ, ಬರ್ತೀಯ ಅಂತ" ಎಂದರು. "ನನ್ನ ಹೋಜಿರ್ ನೀನು ಅಳೀತಿದ್ದೆ, ನಿನ್ನದು ನಾನು ಅಳೀಬಾರ್ದಾ? ಹತ್ತು ದಿನ ಅಂದ್ಕೊಂಡಿದ್ದೆ. ಎರಡು ದಿನ ಮುಂಚೆನೇ ಬಂದೆ."

ತಮ್ಮ ದಾಖಲೆಯಲ್ಲಿ ‘ಇನೊಬತ್’ ಎಂದಿರುವ ಜಾಗದಲ್ಲಿ ‘ಕಂಬರಾಲಿ’ ಎಂದು ತಿದ್ದಿಕೊಳ್ಳಬೇಕಾಗಿ ಕೈಮುಗಿದು ಬೇಡುವ,

ಭಟ್ಟಿಯ ಬಿಸಿ ಆರುವವರೆಗೂ ತಮ್ಮ ವಿಶ್ವಾಸಿ,
ಕಂಬರಾಲಿ ತೋಜಿಬೋಯೆವ್

ತಾ.ಕ.: ಇಂದು ಬೆಳಿಗ್ಗೆ ಈ ಪತ್ರದ ಪ್ರತಿಯನ್ನೂ ತಪ್ಪೊಪ್ಪಿಗೆಯನ್ನೂ ನಿರ್ದೇಶಕರ ಕೈಗೆ ಕೊಟ್ಟೆ. ಎರಡು ಕಡೆ ನಕ್ಕರು, ಓಪಾ ಅವರನ್ನು ಒಣಗಿಸುವ ಕೋಣೆಗೆ ಮರಳಿಸುವ ಕಾಗದ ತರಿಸಿಕೊಂಡರು, ಪೆನ್ನು ತೆರೆದರು, "ಸಹಿ ಹಾಕ್ತೀನಿ, ಹೋಜಿರ್" ಎಂದರು. ಅಷ್ಟರಲ್ಲಿ ಫೋನು ಬಂತು. ಈಗ ಅವರ ಬಾಗಿಲ ಮುಂದಿನ ಬೆಂಚಿನ ಮೇಲೆ ಮೂರನೇ ಕೆಟಲು ಚಹಾ ಮುಗಿಸುತ್ತ ಕೂತಿದ್ದೇನೆ. ಸಹಿ ಬೀಳದೆ ಏಳುವವನಲ್ಲ. ಈ ನಡುವೆ ಭಟ್ಟಿಯ ಬಳಿ ತಾವು ನನಗಾಗಿ ಕೆಂಪು ದೀಪ ಹೊತ್ತಿಸಿ ಕರೆದರೆ ನನ್ನ ಉತ್ತರವನ್ನು ದಯವಿಟ್ಟು ಈಗಲೇ ದಾಖಲಿಸಿಕೊಳ್ಳಿ: ಹೋಜಿರ್.