ಎಸ್. ಪುಟ್ಟಮಾದಯ್ಯನವರು ಜರ್ಮನಿಯಲ್ಲಿ ಫೇಲಾದ ಪ್ರಸಂಗ

ಅರ್ಜಿ ತುಂಬುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಬನ್ನಿಮಂಟಪದ ನಮ್ಮ ಬೀದಿಯಲ್ಲಿ ಇನ್ನೊಬ್ಬರಿಲ್ಲ ಎಂಬ ನಂಬಿಕೆ ನನಗೆ ಹೋದ ವರ್ಷದವರೆಗೂ ಇತ್ತು. ಆಧಾರ್ ತಿದ್ದುಪಡಿ, ಗ್ಯಾಸ್ ಸಂಪರ್ಕ, ಬಸ್ ಕಂಡಕ್ಟರಾಗಿ ನಿವೃತ್ತರಾದ ಪಕ್ಕದ ಮನೆ ಜಯಣ್ಣನವರು ಇನ್ನೂ ಬದುಕಿದ್ದಾರೆಂದು ಪಿಂಚಣಿ ಆಫೀಸಿಗೆ ತಿಳಿಸುವುದು, ಯಾವುದೇ ಇರಲಿ, ಜನ ಮೊಬೈಲು ಹಿಡಿದು ನನ್ನ ಬಳಿಗೇ ಬರುತ್ತಿದ್ದರು. ಹೀಗಿರುವಾಗ, ಎಂ.ಎ. ಅರ್ಥಶಾಸ್ತ್ರದ ಮೂರನೇ ಸೆಮಿಸ್ಟರನ್ನು ಜರ್ಮನಿಯ ಒಂದು ವಿಶ್ವವಿದ್ಯಾಲಯದಲ್ಲಿ ಓದಿಬರಲು ನಾನು ಆಯ್ಕೆಯಾದಾಗ, ಆ ಅರ್ಜಿಯನ್ನು ಇನ್ನೊಬ್ಬರ ಕೈಗೆ ಕೊಡುವುದುಂಟೆ?

ಅಪ್ಪ ಕೇಳಿದ್ದು ನಿಜ. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಯಾವ ಮಾತಿಗೂ ಮೊದಲು ಮೂರು ಸಲ ಕೆಮ್ಮುತ್ತಾರೆ. ಮೊದಲನೆಯದು ಗಂಟಲಿಗಾಗಿ, ಎರಡನೆಯದು ಎದುರಿಗಿರುವವರಿಗಾಗಿ, ಮೂರನೆಯದು ನ್ಯಾಯಕ್ಕಾಗಿ. ಯಾರ ದನಿಯನ್ನಾದರೂ ತೆಗೆಯಬಲ್ಲ ನಾನು ಈ ಕೆಮ್ಮನ್ನು ಚಿಕ್ಕಂದಿನಿಂದ ಎಷ್ಟು ಚೆನ್ನಾಗಿ ಅನುಕರಿಸುತ್ತೇನೆಂದರೆ ಮದುವೆ ಮನೆಗಳಲ್ಲಿ ನೆಂಟರು ಕೂರಿಸಿಕೊಂಡು ಮಾಡಿಸುತ್ತಾರೆ.

ಕೆಮ್ಮು ಮುಗಿಸಿ ಅಪ್ಪ ಹೇಳಿದರು: "ಕಳ್ಸೋಕ್ ಮುಂಚೆ ಒಂದ್ಸಲ ನಾನೂ ನೋಡ್ತೀನಿ ಕೊಡೋ."

"ಬುಡಿ ಅಪ್ಪಾ, ಇದು ಆನ್‌ಲೈನು. ನಿಮಗೆ ಗೊತ್ತಾಗಲ್ಲ."

ನನ್ನ ಹೆಸರು ಸಾಗರ್. ನಮ್ಮ ವಂಶದಲ್ಲಿ ಯಾರಿಗೂ ಮನೆತನದ ಹೆಸರೆಂಬುದಿಲ್ಲ. ಮಗನ ಹೆಸರಿನ ಜೊತೆ ಅಪ್ಪನ ಹೆಸರಿನ ಒಂದು ಅಕ್ಷರ ಇದ್ದರೆ ಸಂಸಾರ ನಡೆದುಹೋಗುತ್ತದೆ. ಆದರೆ ಅರ್ಜಿಯ ಆ ಕಾಲಂ ಖಾಲಿ ಬಿಟ್ಟರೆ ಅದು ಮುಂದಕ್ಕೆ ಹೋಗಲೊಲ್ಲದು. ಪಾಸ್‌ಪೋರ್ಟಿನಲ್ಲಿ ಆ ಜಾಗಕ್ಕೆ ಅಪ್ಪನ ಹೆಸರು ಕೊಟ್ಟಿದ್ದೆ. ಇಲ್ಲಿಯೂ ಅದನ್ನೇ ಕೊಟ್ಟೆ: ಪುಟ್ಟಮಾದಯ್ಯ. ಕೆಳಗೆ ಇನ್ನೊಂದು ಪ್ರಶ್ನೆಯಿತ್ತು. ದಾಖಲೆಗಳಲ್ಲಿ ನಿಮ್ಮ ಹೆಸರು ಹೇಗೆ ಬರಬೇಕು? ಪೂರ್ತಿಯಾಗಿಯೋ, ಚಿಕ್ಕದಾಗಿಯೋ? ಚಿಕ್ಕದರಲ್ಲಿ ಒಂದು ಗತ್ತು ಕಂಡಿತು. ಟಿಕ್ ಮಾಡಿದೆ. ಪರದೆಯ ಮೇಲೆ ಮೂಡಿತು: ಎಸ್. ಪುಟ್ಟಮಾದಯ್ಯ.

ನಮ್ಮ ತಾತನ ಹೆಸರು ಸಿದ್ದಯ್ಯ. ಆದ್ದರಿಂದ ನಮ್ಮ ಅಪ್ಪನೂ ಎಸ್. ಪುಟ್ಟಮಾದಯ್ಯ. ಅದು ನಮ್ಮ ಗೇಟಿನ ಬೋರ್ಡಿನಲ್ಲಿ ದಪ್ಪ ಅಕ್ಷರದಲ್ಲಿದೆ. ಇಪ್ಪತ್ತಮೂರು ವರ್ಷ ಆ ಗೇಟನ್ನು ತೆಗೆದು ಮುಚ್ಚಿದವನಿಗೆ ಆ ಕ್ಷಣದಲ್ಲಿ ಏನೂ ಹೊಳೆಯಲಿಲ್ಲ!

ಜರ್ಮನಿಯಲ್ಲಿ ಮೊದಲು ಹೊಳೆಯಿತು. ಆ ದೇಶದಲ್ಲಿ ಮನೆ ಸೇರಿದ ಮೇಲೆ ಊರಿನ ಕಚೇರಿಗೆ ಹೋಗಿ 'ನಾನು ಇಂಥಲ್ಲಿ ವಾಸವಿದ್ದೇನೆ' ಎಂದು ದಾಖಲಿಸಬೇಕು. ಸಾಲಿನಲ್ಲಿ ಕುಳಿತಿದ್ದೆ. ಒಳಗಿನಿಂದ ಕೂಗು ಬಂತು: "ಹೆರ್ ಪುಟ್ಟಮಾದಯ್ಯ!" ಹೆರ್ ಎಂದರೆ ಶ್ರೀಯುತರು. ನಾನು ಗಾಬರಿಯಿಂದ ಹಿಂದೆ ತಿರುಗಿ ನೋಡಿದೆ. ಅಪ್ಪ ಯಾವಾಗ ಬಂದರು? ಎರಡನೇ ಸಲ ಕೂಗಿದಾಗ ಎದ್ದು ಹೋದೆ. ಕೌಂಟರಿನ ಮುಂದೆ ನಿಂತು, ನನಗೆ ಗೊತ್ತಿಲ್ಲದಂತೆಯೇ, ಮೂರು ಸಲ ಕೆಮ್ಮಿದೆ. ಅವರು ನೀರು ಕೊಟ್ಟರು.

ಅಲ್ಲಿಂದಾಚೆ ಸಾಗರ್ ಎಂಬ ಪ್ರಾಣಿ ಆ ದೇಶದಲ್ಲಿ ಎಲ್ಲಿಯೂ ಇರಲಿಲ್ಲ. ಹಾಸ್ಟೆಲಿನ ಕರೆಗಂಟೆಯ ಮೇಲೆ ಪುಟ್ಟಮಾದಯ್ಯ. ಅಂಚೆಪೆಟ್ಟಿಗೆಯ ಮೇಲೆ ಪುಟ್ಟಮಾದಯ್ಯ. ಗಾಜಿನ ಬಾಟಲಿಯನ್ನು ಕಾಗದದ ಕಸಕ್ಕೆ ಹಾಕಿದ್ದಕ್ಕೆ ಅಡುಗೆಮನೆಯ ಬಾಗಿಲಿಗೆ ಅಂಟಿಸಿದ ಛೀಮಾರಿಯಲ್ಲೂ ಪುಟ್ಟಮಾದಯ್ಯ. ಹೆಸರಿಗೆ ಅದೆಂಥ ಶಕ್ತಿ ಇದೆಯೋ, ಎರಡು ತಿಂಗಳಲ್ಲಿ ನಾನು ಅಪ್ಪನಂತೆಯೇ ಯಾರೂ ಇಲ್ಲದ ಕೋಣೆಗಳ ದೀಪ ಆರಿಸಿಕೊಂಡು ಓಡಾಡತೊಡಗಿದೆ.

ನಮ್ಮಮ್ಮ ಮದುವೆಯಾದಂದಿನಿಂದ ಆ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಒಂದೇ ಸಲ, ರೇಷನ್ ಕಾರ್ಡಿನ ಆಫೀಸಿನಲ್ಲಿ. ಅದನ್ನೂ ನನ್ನ ಕಿವಿಯಲ್ಲಿ ಹೇಳಿದ್ದು. ಒಂದು ದಿನ ವಿಡಿಯೋ ಕರೆಯಲ್ಲಿ ಅವಳು "ಊಟ ಆಯ್ತೇನಪ್ಪಾ?" ಎನ್ನುತ್ತಿದ್ದಳು. ಅಷ್ಟರಲ್ಲಿ ಜೊತೆಯಲ್ಲಿದ್ದ ಸ್ಪೇನಿನ ಹುಡುಗ ಪಾಬ್ಲೊ ಅಡುಗೆಮನೆಯಿಂದ ಅರಚಿದ: "ಪುಟ್ಟಮಾ! ನಿನ್ನ ಅನ್ನ ಉಕ್ಕುತ್ತಿದೆ!"

ಅಮ್ಮ ಫೋನು ಕೆಳಗಿಟ್ಟುಬಿಟ್ಟಳು. ಆಮೇಲೆ ಮತ್ತೆ ಎತ್ತಿಕೊಂಡು ಪಿಸುದನಿಯಲ್ಲಿ, "ಯಾರೋ ಅದು, ಇವ್ರನ್ನ ಅಂಗೆ ಕೂಗೋನು? ಅವನಿಗೆ ಅಪ್ಪ ಅಮ್ಮ ಇಲ್ವಾ?" ಎಂದಳು.

ಓದಿನ ವಿಷಯಕ್ಕೆ ಬರುತ್ತೇನೆ. ಬರದೆ ವಿಧಿಯಿಲ್ಲ. ಅಲ್ಲಿನ ನನ್ನ ತರಗತಿಗಳಲ್ಲಿ ಹಾಜರಿ ಕೂಗುತ್ತಿರಲಿಲ್ಲ. ಯಾಕೆ ಬರಲಿಲ್ಲ ಎಂದು ಕೇಳುವವರೂ ಇರಲಿಲ್ಲ. ಇದನ್ನು ನಾನು ಸ್ವಾತಂತ್ರ್ಯವೆಂದು ತಿಳಿದೆ. ನಾಲ್ಕು ವಿಷಯಗಳಲ್ಲಿ ಒಂದು ಸ್ಟಾಟಿಸ್ಟಿಕ್ಸ್. ಅದರ ಪರೀಕ್ಷೆಯನ್ನು ಪುಸ್ತಕ ನೋಡಿಕೊಂಡೇ ಬರೆಯಬಹುದು ಎಂದು ಪ್ರೊಫೆಸರರು ಹೇಳಿದ ದಿನವೇ ನಾನು ಆ ಪುಸ್ತಕವನ್ನು ಮುಚ್ಚಿಟ್ಟೆ. ನೋಡಿ ಬರೆಯುವುದಕ್ಕೆ ಓದುವುದೇಕೆ? ಪರೀಕ್ಷೆಯ ಹಾಲಿನಲ್ಲಿ ಪುಸ್ತಕ ತೆರೆದೆ. ಪುಸ್ತಕ ನನ್ನನ್ನು ನೋಡಿತು, ನಾನು ಪುಸ್ತಕವನ್ನು ನೋಡಿದೆ. ಇಬ್ಬರಿಗೂ ಪರಿಚಯವಿರಲಿಲ್ಲ.

ಐವತ್ತಕ್ಕೆ ಪಾಸು. ನನಗೆ ನಲವತ್ತೊಂದು.

ಊರಿಗೆ ಬಂದವನು ಅಪ್ಪನಿಗೆ ಹೇಳಿದೆ: "ಪರೀಕ್ಷೆ ಎಲ್ಲಾ ಮುಗೀತು ಅಪ್ಪಾ." ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅಮ್ಮ ಬೀದಿಗೆಲ್ಲ ಚಿರೋಟಿ ಹಂಚಿದಳು. ಅದನ್ನು ತಡೆಯಲು ನಾನ್ಯಾರು?

ಮೂರು ವಾರದ ನಂತರ ಒಂದು ಭಾನುವಾರ ಜಯಣ್ಣ ನಮ್ಮ ಗೇಟು ತಳ್ಳಿಕೊಂಡು ಬಂದರು. ಹಿಂದಿನ ದಿನ ನಾವಿಲ್ಲದಾಗ ಅಂಚೆಯವನು ಅವರ ಮನೆಯಲ್ಲಿ ಕೊಟ್ಟುಹೋಗಿದ್ದ ಲಕೋಟೆ ಕೈಯಲ್ಲಿತ್ತು.

"ಮೇಷ್ಟ್ರೇ! ಜರ್ಮನಿಯಿಂದ ನಿಮ್ಗೊಂದು ಕಾಗ್ದ!"

ಲಕೋಟೆಯ ಮೇಲೆ ಎಸ್. ಪುಟ್ಟಮಾದಯ್ಯ ಎಂದಿತ್ತು. ತಮ್ಮ ಹೆಸರಿನ ಕಾಗದವನ್ನು ಅಪ್ಪ ತಾವೇ ಒಡೆದರು. ನ್ಯಾಯವೇ. ಜಯಣ್ಣ, ಟಿಕೆಟ್ ಪರೀಕ್ಷೆ ಮಾಡುವವರಂತೆ, ಭುಜದ ಮೇಲಿಂದ ಬಗ್ಗಿ ಓದಿದರು. ಜರ್ಮನಿಯ ಪುಣ್ಯಾತ್ಮರು ಪ್ರತಿ ಸಾಲಿನ ಕೆಳಗೂ ಇಂಗ್ಲಿಷಿನಲ್ಲಿ ಅಚ್ಚು ಹಾಕಿದ್ದರು.

"ಪಾಸು, ಪಾಸು, ಪಾಸು... ಇದೇನ್ ಮೇಷ್ಟ್ರೇ! ಸ್ಟಾಟಿಸ್ಟಿಕ್ಸಲ್ಲಿ ಒಡ್ದೋಗಿದೀರಾ! ಲೆಕ್ಕದ್ ಮೇಷ್ಟ್ರು ನೀವೇ ಇಂಗಾದ್ರೆ ಮಕ್ಳ ಗತಿ ಎಂಗೆ?"

ಅಪ್ಪ ನಗಲಿಲ್ಲ. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಇದು ನಿಂದೇನೋ?"

ಒಂದು ಶಬ್ದದಲ್ಲಿ ಉತ್ತರ ಕೊಡಿ ಎನ್ನುವ ಪ್ರಶ್ನೆ. ಹತ್ತಾರು ಜನರ ದನಿಯಲ್ಲಿ ಮಾತಾಡಬಲ್ಲ ನಾನು ಆ ಒಂದು ಶಬ್ದ ಬಿಟ್ಟು ಬೇರೆಲ್ಲ ಹೇಳಿದೆ.

"ಹೆಸರು ನೋಡಿ ಅಪ್ಪಾ. ಸಾಗರ್ ಅಂತ ಎಲ್ಲಿದೆ? ನಂದು ಇನ್ನೂ ಬಂದಿಲ್ಲ. ಇದು ಏನೋ ಕಂಪ್ಯೂಟರ್ ಎಡವಟ್ಟು."

ಅಪ್ಪನಿಗೆ ಎರಡು ವಸ್ತುಗಳ ಮೇಲೆ ಪೂರ್ಣ ನಂಬಿಕೆ: ಅಚ್ಚಾದ ಅಕ್ಷರ ಮತ್ತು ನಾನು. ನಂಬಿಬಿಟ್ಟರು.

ಸಂಜೆಯ ಹೊತ್ತಿಗೆ ಸುದ್ದಿ ಜಯಣ್ಣನವರ ಬಾಯಿಂದ ಇಳಿದು ಎಲ್ಲ ಸ್ಟಾಪುಗಳಲ್ಲೂ ನಿಂತು ಹೊರಟಿತ್ತು. "ಮೇಷ್ಟ್ರು ಗುಟ್ಟಾಗಿ ಫಾರಿನ್ ಪರೀಕ್ಷೆ ಕಟ್ಟಿದ್ರಂತೆ, ಡುಮ್ಕಿಯಂತೆ." ಅಂಗಡಿಯವರು ಕೇಳಿದರು. ಮನೆಪಾಠಕ್ಕೆ ಬರುವ ಮಕ್ಕಳ ತಾಯಿಯೊಬ್ಬರು ಬಹಳ ಮರ್ಯಾದೆಯಿಂದ, "ಸರ್, ಆರೋಗ್ಯ ಹೇಗಿದೆ?" ಎಂದರು. ದಿನಾ ಸಂಜೆ ಗೇಟಿನ ಬಳಿ ನಿಂತು ನಾಲ್ಕು ಮಾತಾಡುತ್ತಿದ್ದ ಅಪ್ಪ ನಾಲ್ಕು ದಿನ ಹೊರಗೆ ಬರಲಿಲ್ಲ. ನಾನು ಅದನ್ನು ನೋಡಿದೆ. ನೋಡಿ ಸುಮ್ಮನಿದ್ದೆ.

ಅವರು ಒಳಗೆ ಕುಳಿತು, ಒಂದೇ ಬೆರಳಿನಿಂದ, ಫೋನಿನಲ್ಲಿ ಜರ್ಮನಿಗೆ ಪತ್ರ ಕುಟ್ಟುತ್ತಿದ್ದರೆಂದು ನನಗೆ ಆಮೇಲೆ ತಿಳಿಯಿತು. ಇಂಗ್ಲಿಷಿನಲ್ಲಿದ್ದ ಆ ಪತ್ರದ ಸಾರ ಇಷ್ಟು:

'ಮಾನ್ಯರೇ, ತಮ್ಮ ಅಂಕಪಟ್ಟಿ ತಲುಪಿತು. ಎಸ್. ಪುಟ್ಟಮಾದಯ್ಯನಾದ ನಾನು ತಮ್ಮ ದೇಶಕ್ಕೆ ಈವರೆಗೆ ಬಂದಿರುವುದಿಲ್ಲ. ಬಂದು ಸ್ಟಾಟಿಸ್ಟಿಕ್ಸ್ ಪರೀಕ್ಷೆ ಬರೆದಿದ್ದರೆ ಫೇಲಾಗುವ ಸಂಭವವೂ ಇರಲಿಲ್ಲ. ಪಾಸಾದ ಮೂರು ವಿಷಯಗಳ ಶ್ರೇಯಸ್ಸೂ ನನಗೆ ಬೇಡ. ದಯವಿಟ್ಟು ನಾಲ್ಕನ್ನೂ ತೆಗೆದುಹಾಕತಕ್ಕದ್ದು.'

ಜರ್ಮನಿಯವರು ಹೇಳಿದ ಕೆಲಸ ಮಾಡುವ ಜನ. ತೆಗೆದುಹಾಕಿದರು!

ನಾಲ್ಕನೇ ದಿನ ನಮ್ಮ ವಿಭಾಗದ ಮುಖ್ಯಸ್ಥರಿಂದ ಕರೆ ಬಂತು. ಅವರು ಕೆಟ್ಟ ಸುದ್ದಿಯನ್ನು ಯಾವಾಗಲೂ ಲಾಲಿ ಹಾಡುವ ದನಿಯಲ್ಲಿ ಹೇಳುತ್ತಾರೆ.

"ಏನ್ರೀ ಸಾಗರ್, ನೀವು ಜರ್ಮನಿಗೆ ಹೋಗೇ ಇಲ್ವಂತೆ? ಎಸ್. ಪುಟ್ಟಮಾದಯ್ಯ ಅನ್ನೋರು ಬರ್ಕೊಟ್ಟಿದಾರಂತಲ್ಲ. ನಿಮ್ಮ ಹೆಸರಲ್ಲಿ ಬೇರೆ ಯಾರೋ ಪರೀಕ್ಷೆ ಬರ್ದಿರಬಹುದು ಅಂತ ಅವರಿಗೆ ಅನುಮಾನ. ಹತ್ತು ದಿನದಲ್ಲಿ ಸರಿಯಾದ ಅಂಕಪಟ್ಟಿ ತರದೇ ಇದ್ರೆ ಒಂದು ವರ್ಷ ಹೋಯ್ತು ಕಣ್ರೀ."

ಮೂರು ಪಾಸೂ ಹೋಯಿತು, ವರ್ಷವೂ ಹೋಗುತ್ತದೆ. ಉಳಿಯುವ ದಾರಿ ಒಂದೇ. ಫೇಲಾದವನು ನಾನೇ ಎಂದು ಜಗತ್ತಿಗೆ ಸಾಬೀತುಪಡಿಸಬೇಕು!

ಅಪ್ಪ ಹಿತ್ತಿಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಹೋಗಿ ಎಲ್ಲ ಹೇಳಿದೆ. ಅವರು ಕೆಮ್ಮಲಿಲ್ಲ. ಕೈಯಲ್ಲಿದ್ದ ಒದ್ದೆ ಪಂಚೆಯನ್ನು ಕೊಡವಿ, ಹಗ್ಗಕ್ಕೆ ಹಾಕಿ, ಅಂಚು ಸರಿಮಾಡಿದರು.

"ಫೇಲಾಗಿದ್ದು ದೊಡ್ಡದಲ್ಲ ಕಣೋ. ಎಲ್ಲರೂ ಒಂದಲ್ಲ ಒಂದ್ಸಲ ಆಗ್ತಾರೆ. ಅದನ್ನ ನನ್ನ ಹೆಸರಿಗೆ ಬುಟ್ಟು ನಾಲ್ಕು ದಿನ ಸುಮ್ನಿದ್ದೆಯಲ್ಲ."

ಬಕೆಟಿನಲ್ಲಿ ಉಳಿದಿದ್ದ ಬಟ್ಟೆಗಳನ್ನು ನಾನೇ ಹಿಂಡಿ ಹಗ್ಗಕ್ಕೆ ಹಾಕಿದೆ.

ಮಾರನೇ ದಿನ ಇಬ್ಬರೂ ನೋಟರಿಯ ಬಳಿ ಹೋದೆವು. ಅಫಿಡವಿಟ್ಟಿನಲ್ಲಿ ಬರೆಯಬೇಕಾದದ್ದನ್ನು ಕೇಳಿ ಅವರು ಪೆನ್ನು ಕೆಳಗಿಟ್ಟರು. "ಪಾಸಾಗಿದೀನಿ ಅಂತ ಸುಳ್ಳು ಬರೆಸೋಕೆ ಬಂದೋರ್ನ ಬೈದು ಕಳ್ಸಿದೀನಿ. ಫೇಲಾಗಿದೀನಿ ಅಂತ ಪ್ರಮಾಣ ಮಾಡೋಕೆ ಬಂದೋರು ನೀವೇ ಮೊದಲು. ಯೋಚ್ನೆ ಮಾಡಿ ಬಂದಿದೀರಾ?"

"ಬರೀರಿ ಸಾರ್," ಎಂದರು ಅಪ್ಪ. "ಸತ್ಯವಾಗಿಯೂ ಫೇಲಾಗಿರುತ್ತಾನೆ ಅಂತ ಬರೀರಿ."

ಜರ್ಮನಿಗೆ ಅದು ಸಾಲಲಿಲ್ಲ. ವಿಡಿಯೋ ಕರೆಯಲ್ಲಿ ಇಬ್ಬರೂ ಹಾಜರಾಗಬೇಕೆಂದು ಬರೆದರು. ಒಂದು ಮಧ್ಯಾಹ್ನ ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಲ್ಯಾಪ್‌ಟಾಪಿನ ಮುಂದೆ ಕುಳಿತರು. ಪಕ್ಕದಲ್ಲಿ ನಾನು. ಆ ಕಡೆ ಕಚೇರಿಯ ಒಬ್ಬ ಹೆಂಗಸು. ಮುಖದಲ್ಲಿ ನಗುವಿಗೆ ಜಾಗವೇ ಇರಲಿಲ್ಲ.

"ನಿಮ್ಮಲ್ಲಿ ಎಸ್. ಪುಟ್ಟಮಾದಯ್ಯ ಯಾರು?"

ಇಬ್ಬರೂ ಕೈಯೆತ್ತಿದೆವು.

ಆಕೆ ಏನನ್ನೋ ಬರೆದುಕೊಂಡರು. ನಾನು ಪಾಸ್‌ಪೋರ್ಟ್ ತೋರಿಸಿದೆ. ಅದರಿಂದ ನೀವು ಯಾರೆಂದು ತಿಳಿಯಿತು, ಪರೀಕ್ಷೆ ಬರೆದವರು ಯಾರೆಂದು ತಿಳಿಯುವುದು ಹೇಗೆ ಎಂದರು. ಆಮೇಲೆ ಸ್ಟಾಟಿಸ್ಟಿಕ್ಸಿನ ಉತ್ತರ ಪತ್ರಿಕೆಯನ್ನು ಪರದೆಯ ಮೇಲೆ ತೆರೆದರು. "ಇದು ನಿಮ್ಮದೆನ್ನಲು ಏನು ಆಧಾರ?"

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಪರದೆಗೆ ಮುಖವಿಟ್ಟು ಓದತೊಡಗಿದ್ದರು. ಕೈ ತಾನಾಗಿ ಜೇಬಿನ ಕೆಂಪು ಪೆನ್ನಿಗೆ ಹೋಯಿತು.

"ಮೇಡಂ," ಎಂದರು ತಮ್ಮ ತರಗತಿಯ ಇಂಗ್ಲಿಷಿನಲ್ಲಿ, "ಮೂರನೇ ಸಾಲು ನೋಡಿ. ಬ್ರಾಕೆಟ್ಟಿನ ಮುಂದೆ ಮೈನಸ್ ಇದೆ. ಬಿಡಿಸುವಾಗ ಒಳಗಿನ ಎರಡು ಚಿಹ್ನೆಗಳೂ ಬದಲಾಗಬೇಕು. ಇವನು ಮೊದಲನೆಯದನ್ನು ಮಾತ್ರ ಬದಲಾಯಿಸುತ್ತಾನೆ. ಎರಡನೆಯದನ್ನು ಮರೆಯುತ್ತಾನೆ. ಎಂಟನೇ ತರಗತಿಯಿಂದ ಹೀಗೇ. ಮುಂದಿನ ಪುಟ ತೆಗೆಯಿರಿ, ಅಲ್ಲಿಯೂ ಇರುತ್ತದೆ."

ಆಕೆ ಮುಂದಿನ ಪುಟ ತೆಗೆದರು. ಇತ್ತು. ಅದರ ಮುಂದಿನ ಪುಟ ತೆಗೆದರು. ಅಲ್ಲಿ ಎರಡು ಕಡೆ ಇತ್ತು.

"ಕೈಬರಹವನ್ನು ಯಾರು ಬೇಕಾದರೂ ಅನುಕರಿಸಬಹುದು ಮೇಡಂ," ಎಂದರು ಅಪ್ಪ, ನನ್ನನ್ನು ನೋಡದೆ. "ಈ ತಪ್ಪನ್ನು ಮಾಡಲು ಇವನೊಬ್ಬನಿಗೇ ಸಾಧ್ಯ. ಇವನು ನನ್ನ ಮಗ."

ಆಕೆ ಮೊದಲ ಬಾರಿಗೆ ನಕ್ಕರು. ಗುರುತು ದೃಢಪಟ್ಟಿದೆ ಎಂದರು. ನನ್ನ ಕಣ್ಣು ಯಾಕೋ ಮಂಜಾಯಿತು. ಕರೆ ಮುಗಿಸಲು ಕೈ ಚಾಚಿದೆ. ಅಪ್ಪ ನನ್ನ ಕೈ ಹಿಡಿದರು.

"ಇರೋ. ಮೇಡಂ, ಇನ್ನೊಂದು ವಿಷಯ. ಐದನೇ ಪ್ರಶ್ನೆಗೆ ಉತ್ತರ ತಪ್ಪು. ಆದರೂ ಎರಡು ಅಂಕ ಬಿದ್ದಿದೆ. ಪ್ರೊಫೆಸರರ ಗಮನಕ್ಕೆ ತರತಕ್ಕದ್ದು."

"ಅಪ್ಪಾ!"

"ಸುಮ್ನಿರೋ. ತಪ್ಪು ಕಣ್ಣಿಗೆ ಬಿದ್ಮೇಲೆ ಹೇಳ್ಬೇಕು."

ಒಂಬತ್ತನೇ ದಿನ ಇಮೇಲಿನಲ್ಲಿ ಹೊಸ ಅಂಕಪಟ್ಟಿ ಬಂತು. ಈ ಸಲ ಪೂರ್ತಿ ಹೆಸರು, ಸ್ಪಷ್ಟವಾಗಿ, ಸಾಗರ್ ಪುಟ್ಟಮಾದಯ್ಯ. ಮೂರು ವಿಷಯಗಳಲ್ಲಿ ಪಾಸು. ನನ್ನ ವರ್ಷ ಉಳಿಯಿತು. ಸ್ಟಾಟಿಸ್ಟಿಕ್ಸಿನಲ್ಲಿ ಮೂವತ್ತೊಂಬತ್ತು.

ವಿದೇಶದಿಂದ ನನ್ನ ಸ್ವಂತ ಹೆಸರಿಗೆ ಬಂದ ಮೊದಲ ದಾಖಲೆ ಅದು. ಮೊದಲು ಒಂಬತ್ತು ಅಂಕದಿಂದ ಫೇಲಾಗಿದ್ದವನು, ಅಪ್ಪನ ಸಹಾಯದಿಂದ, ಹನ್ನೊಂದಕ್ಕೆ ಏರಿದ್ದೆ!