ಪುತ್ತನ್‌ಕರದ ದೋಣಿಗೆ ಬೆರಳಳತೆ

ಉಂಗುರಬೆರಳು ತೋರುಬೆರಳಿಗಿಂತ ಉದ್ದವಿದ್ದವನು ಎಡಗೈಯವನು, ಗಿಡ್ಡವಿದ್ದವನು ಬಲಗೈಯವನು ಎಂಬುದನ್ನು ಪುತ್ತನ್‌ಕರ ಬೋಟ್ ಕ್ಲಬ್ಬಿನ ಕಾರ್ಯಕಾರಿ ಸಮಿತಿ ಸರ್ವಾನುಮತದಿಂದ ಅಂಗೀಕರಿಸಿತು. ಓಣಂ ಸಮಯದ ಹಾವಿನ ದೋಣಿ ಪಂದ್ಯದಲ್ಲಿ ಎಡಗೈಯವರು ಎಡಬದಿಗೂ ಬಲಗೈಯವರು ಬಲಬದಿಗೂ ಕೂತು ಹುಟ್ಟು ಹಾಕತಕ್ಕದ್ದೆಂದು ಆದೇಶವಾಯಿತು.

ಗಂಡಸರಲ್ಲಿ ಹೆಚ್ಚಿನವರಿಗೆ ಉಂಗುರಬೆರಳೇ ಉದ್ದ ಎಂಬ ಸಂಗತಿ ಸಮಿತಿಯ ಗಮನಕ್ಕೆ ಬಂದಿರಲಿಲ್ಲ. ಅಳತೆ ಮುಗಿದಾಗ ಊರಿನ ಅಂಬಿಗರೆಲ್ಲ ಎಡಗೈಯವರಾಗಿದ್ದರು, ಉಂಗುರಬೆರಳು ಗಿಡ್ಡವಿದ್ದ ವಾವಚ್ಚನ್ ಒಬ್ಬನನ್ನು ಬಿಟ್ಟು. ಆದರೆ ಅವರಲ್ಲಿ ನಿಜವಾದ ಎಡಚ ಅವನೊಬ್ಬನೇ. ಎಡಬದಿಯಲ್ಲಿ ಅಪ್ಪ ಕೂರುತ್ತಿದ್ದ ಜಾಗದಲ್ಲೇ ಕೂತು, ಪಕ್ಕದ ಊರಿನವರನ್ನು ಈ ಸಲವಾದರೂ ಸೋಲಿಸಬೇಕೆಂದು ವರ್ಷವಿಡೀ ತೋಳು ಹುರಿಗೊಳಿಸಿದ್ದ.

"ಸಾರೇ, ಎಲ್ರೂ ಎಡಕ್ಕೆ ಕೂತ್ರೆ ದೋಣಿ ಮಗುಚುತ್ತೆ!" ಎಂದ ವಾವಚ್ಚನ್.

ಕಾರ್ಯದರ್ಶಿ ಕುರುವಿಳ ಸಾರ್ ಕನ್ನಡಕ ಸರಿಮಾಡಿಕೊಂಡರು. "ಅದಕ್ಕೇ ಬಲಕ್ಕೆ ಮರಳಿನ ಮೂಟೆ ಇಡ್ತೀವಿ. ಮೂಟೆಗೆ ಬೆರಳಿಲ್ಲ, ಹಾಗಾಗಿ ಅವನ್ನ ಬಲಗೈ ಅಂತ ಪರಿಗಣಿಸಲಾಗಿದೆ."

ಮೂಟೆಯ ಗುತ್ತಿಗೆ ಅಧ್ಯಕ್ಷರ ಭಾವಮೈದುನನಿಗೆ ಸಿಕ್ಕಿದ್ದು ಅವನ ಅರ್ಹತೆಯಿಂದ.

"ನಾನು ಎಡಚ ಸಾರೇ! ಬೇಕಾದ್ರೆ ನಮ್ಮಮ್ಮನ್ನ ಕೇಳಿ."

"ಅಮ್ಮಂದಿರದು ಅಭಿಪ್ರಾಯ ವಾವಚ್ಚಾ, ಇದು ಅಳತೆ."

ಪಂದ್ಯದ ದಿನ ವಾವಚ್ಚನ್ ಮೂಟೆಗಳ ನಡುವೆ ಒಬ್ಬಂಟಿಯಾಗಿ ಕೂತ. ಪಕ್ಕದ ಊರಿನ ದೋಣಿ ನೆಟ್ಟಗೆ ಹೋಯಿತು. ಪುತ್ತನ್‌ಕರದ ದೋಣಿ ಬಲಕ್ಕೆ ತಿರುಗಿತು, ತಿರುಗುತ್ತಲೇ ಇತ್ತು. ದಡದಲ್ಲಿದ್ದವರು ಬಿದ್ದೂಬಿದ್ದೂ ನಕ್ಕರು. ತೋಳು ಬಿದ್ದುಹೋಗುವವರೆಗೂ ಹುಟ್ಟು ಹಾಕಿದ ವಾವಚ್ಚನಿಗೆ ಎಲ್ಲರೆದುರೇ ಅಳು ಬಂತು.

ಅಷ್ಟರಲ್ಲಿ ಮೈಕು ಗಂಟಲು ಸರಿಮಾಡಿಕೊಂಡಿತು: "ನಮ್ಮ ದೋಣಿಯು ಹೊರಟ ಗೆರೆಯನ್ನೇ ಹಲವು ಬಾರಿ ದಾಟಿರುತ್ತದೆ. ಎದುರಾಳಿ ದೋಣಿಯು ಒಮ್ಮೆ ಹೋದದ್ದು ಮರಳಿ ಬಂದಿರುವುದಿಲ್ಲ. ಆದಕಾರಣ ಗೆಲುವು ನಮ್ಮದೆಂದು ಸಮಿತಿ ತೀರ್ಮಾನಿಸಿದೆ. ಸುತ್ತುಗಳು ಕಡಿಮೆಯಾದುದಕ್ಕೆ ಬಲಬದಿಯ ಏಕೈಕ ಅಂಬಿಗನ ಆಲಸ್ಯವೇ ಕಾರಣ. ಮೂಟೆಗಳು ಕರ್ತವ್ಯ ನಿರ್ವಹಿಸಿವೆ."

ನಗುತ್ತಿದ್ದವರೇ ಚಪ್ಪಾಳೆ ತಟ್ಟಿದರು. ಮೂಟೆಗಳಿಗೆ ಹಾರ ಬಿತ್ತು.

ಮನೆಗೆ ಬಂದ ವಾವಚ್ಚನ ಮುಂದೆ ಹೆಂಡತಿ ಅಲೆಯಮ್ಮ ಬೇಯಿಸಿದ ಮರಗೆಣಸು, ಮೀನುಸಾರು ಇಟ್ಟಳು. ಮದುವೆಯಾದಾಗಿನಿಂದ ಉಣ್ಣುತ್ತಾ ಬಂದ ಹಾಗೆ ಅವನು ಎಡಗೈ ಚಾಚಿದ.

"ಆ ಕೈ ತೆಗೀರಿ! ಸಮಿತಿಯೋರಿಗೆ ಗೊತ್ತಾದ್ರೆ ಮುಂದಿನ ವರ್ಷ ದೋಣಿ ಹತ್ತಿಸ್ತಾರಾ?"

ವಾವಚ್ಚನ್ ಕೈ ಬದಲಿಸಿದ. ತುತ್ತು ಬಾಯಿ ತಪ್ಪಿ ಸಾರೆಲ್ಲ ಅಂಗಿಯ ಮೇಲೆ ಸುರಿಯಿತು.

"ಬಲಗೈ ನಿಮಗೆ ಹುಟ್ಟಿನಿಂದ ಬಂದದ್ದಲ್ವಾ, ರೂಢಿಯಾಗುತ್ತೆ ಬಿಡಿ," ಎಂದು ಅಲೆಯಮ್ಮ ಒರೆಸಿದಳು.