ಹನ್ನೊಂದು ಚೀಟಿಗೆ ಒಂದೇ ಹೆಸರು

ದೇವರ ಮುಂದೆ ನಿಂತು ನಾನು ಈವರೆಗೆ ಬೇಡಿಕೊಂಡದ್ದನ್ನೆಲ್ಲ ಯಾರಾದರೂ ಬರೆದಿಟ್ಟಿದ್ದರೆ, ಅದರ ತುಂಬ ‘ನನಗೆ’ ಎಂಬ ಪದವೇ ಕಾಣಿಸುತ್ತಿತ್ತು. ನನಗೆ ಬಡ್ತಿ, ನನಗೆ ಸೈಟು, ನನಗೆ ಮಂಡಿನೋವಿನಿಂದ ಬಿಡುಗಡೆ. ಇದು ನಾನು ಮಾಡುತ್ತಿದ್ದ ಕೆಲಸದ ದೋಷವೂ ಇರಬಹುದು. ಹಲಸೂರಿನಲ್ಲಿ ಲಿಫ್ಟ್ ರಿಪೇರಿ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ದೂರು ಬರೆದುಕೊಳ್ಳುವ ಕುರ್ಚಿ ನನ್ನದು. ಫೋನ್ ಎತ್ತಿದರೆ ಯಾವುದೋ ಅಪಾರ್ಟ್‌ಮೆಂಟಿನ ವಾಚ್‌ಮನ್, ಓನರ್ ಎರಡನೇ ಮಹಡಿಗೂ ಮೂರನೇ ಮಹಡಿಗೂ ನಡುವೆ ಸಿಕ್ಕಿಕೊಂಡಿದ್ದಾರೆ ಎಂದು ಕಿರುಚುತ್ತಿದ್ದ. ಹೆಸರು, ವಿಳಾಸ, ತೊಂದರೆ ಏನು ಎಂದು ಬರೆದುಕೊಳ್ಳುತ್ತಿದ್ದೆ. ಕಗ್ಗದಾಸಪುರದ ನಮ್ಮ ಬಾಡಿಗೆ ಮನೆಯಲ್ಲಿ ಬೆಳಗ್ಗೆ ಸ್ನಾನ ಮಾಡಿ ದೇವರ ಪಟದ ಮುಂದೆ ನಿಂತಾಗಲೂ ಅದೇ ಧಾಟಿಯಲ್ಲಿ ನನ್ನ ಹೆಸರು, ನನ್ನ ತೊಂದರೆ ಒಪ್ಪಿಸಿ ಬಸ್ ಹಿಡಿಯಲು ಓಡುತ್ತಿದ್ದೆ. ಅಂದಹಾಗೆ, ಊರಿನ ಲಿಫ್ಟುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ನಮ್ಮ ಆಫೀಸು ಮೂರನೇ ಮಹಡಿಯಲ್ಲಿತ್ತು, ಆ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ಮಂಡಿನೋವಿಗೆ ಕಾರಣ ಅದೇ.

ನನ್ನ ಪಕ್ಕದ ಮೇಜು ಆರೋಗ್ಯಂ ಅವರದು. ಯಾವ ಮೆಕ್ಯಾನಿಕ್ ಯಾವ ಕಟ್ಟಡಕ್ಕೆ ಹೋಗಬೇಕೆಂದು ಹಂಚುವುದು ಅವರ ಕೆಲಸ. ಮರ್ಫಿ ಟೌನಿನಲ್ಲಿ ಒಬ್ಬರೇ ಇದ್ದರು. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಆಫೀಸಿನಲ್ಲಿ ಯಾರಿಗೆ ಏನೇ ಆಗಲಿ, ಶೀತವಾಗಲಿ, ಮಗಳ ಪರೀಕ್ಷೆಯಾಗಲಿ, “ನಾನ್ ಪ್ರೇಯರ್ ಮಾಡ್ತೀನಿ ಸಾರ್” ಎನ್ನುವರು. ಸುಮ್ಮನೆ ಹೇಳಿಬಿಡುವವರಲ್ಲ, ಒಂದು ಪುಟ್ಟ ಪುಸ್ತಕದಲ್ಲಿ ಹೆಸರು ಬರೆದುಕೊಳ್ಳುತ್ತಿದ್ದರು. ನನಗೆ ರೇಗಿಸುವ ಚಾಳಿ. ಒಂದು ದಿನ, “ಊರಿನವರಿಗೆಲ್ಲ ನೀವು ಮಾಡ್ತೀರ, ನಿಮಗೆ ಯಾರ್ರೀ ಮಾಡ್ತಾರೆ?” ಎಂದೆ. ಅವರು ಪೆನ್ನಿನ ಕ್ಯಾಪ್ ಹಾಕಿ, “ಮುಂಚೆ ಇದ್ಲು ಸಾರ್” ಎಂದರು. ಆಗ ಬಾಯಿ ಮುಚ್ಚಿಕೊಂಡಿದ್ದರೆ ನಾನು ಮನುಷ್ಯ. ನನಗೆ ಹೊಳೆದದ್ದು ಕಿತಾಪತಿ.

ಡಿಸೆಂಬರ್ ಬಂತೆಂದರೆ ನಮ್ಮಲ್ಲಿ ‘ಕ್ರಿಸ್‌ಮಸ್ ಫ್ರೆಂಡ್’ ಆಟ. ಅದನ್ನು ಶುರು ಮಾಡಿದವರೂ ಆರೋಗ್ಯಂ ಅವರೇ, ಅವರ ಚರ್ಚಿನಿಂದ ತಂದದ್ದು. ಎಲ್ಲರ ಹೆಸರೂ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕುವುದು, ಒಬ್ಬೊಬ್ಬರು ಒಂದೊಂದು ಎತ್ತುವುದು. ಯಾರ ಹೆಸರು ಬಂತೆಂದು ಬಾಯಿ ಬಿಡುವಂತಿಲ್ಲ. ತಿಂಗಳಿಡೀ ಅವರ ಡ್ರಾಯರಿನಲ್ಲಿ ಗುಟ್ಟಾಗಿ ಟಾಫಿ ಇಡಬೇಕು, ದಿನಕ್ಕೊಮ್ಮೆ ಅವರ ಹೆಸರು ಹಿಡಿದು ಪ್ರಾರ್ಥಿಸಬೇಕು, ಹಬ್ಬದ ಹಿಂದಿನ ದಿನ ಉಡುಗೊರೆ ಕೊಟ್ಟು ಗುಟ್ಟು ಬಿಡಬೇಕು. ಆ ವರ್ಷ ಚೀಟಿ ಬರೆಯುವ ಕೆಲಸ ನಾನೇ ಮೈಮೇಲೆ ಹಾಕಿಕೊಂಡೆ. ಹನ್ನೊಂದು ಜನ, ಹನ್ನೊಂದು ಚೀಟಿ. ಹನ್ನೊಂದರಲ್ಲೂ ಆರೋಗ್ಯಂ ಎಂದೇ ಬರೆದೆ. ಕೊನೆಯ ದಿನ ಅವರ ಮೇಜಿನ ಮೇಲೆ ಹತ್ತು ಸೋಪಿನ ಡಬ್ಬಿ ಬಿದ್ದಾಗ ಅವರ ಮುಖ ಹೇಗಾಗಬಹುದೆಂದು ನೆನೆದು ಬಸ್ಸಿನಲ್ಲಿ ಒಬ್ಬನೇ ನಕ್ಕೆ.

ನನ್ನ ಬುದ್ಧಿವಂತಿಕೆಯಲ್ಲಿದ್ದ ತೂತು ಕಂಡದ್ದು ಆರೋಗ್ಯಂ ಡಬ್ಬಿಗೆ ಕೈ ಹಾಕಿದಾಗ. ಅವರೂ ಒಂದು ಚೀಟಿ ಎತ್ತುತ್ತಾರೆ ಎನ್ನುವುದನ್ನೇ ನಾನು ಮರೆತಿದ್ದೆ! ತಮ್ಮ ಹೆಸರೇ ಬಂದರೆ ಚೀಟಿ ವಾಪಸು ಹಾಕಿ ಬೇರೆ ಎತ್ತಬೇಕು. ಎತ್ತಿದರೆ ಮತ್ತೆ ಅದೇ ಹೆಸರು, ನನ್ನ ಕಥೆ ಮುಗಿಯಿತು. ಅವರು ಚೀಟಿ ಬಿಡಿಸಿದರು, ಓದಿದರು, ಮಡಿಸಿ ಜೇಬಿಗೆ ಹಾಕಿಕೊಂಡರು. “ಒಳ್ಳೇ ಹೆಸ್ರು ಬಂದಿದೆ” ಎಂದರು, ಅಷ್ಟೆ.

ಅಲ್ಲಿಂದ ನನ್ನ ತಿಂಗಳು ಹಾಳಾಯಿತು. ಈ ಮನುಷ್ಯ ಯಾಕೆ ಸುಮ್ಮನಿದ್ದಾನೆ? ಮ್ಯಾನೇಜರಿಗೆ ಹೇಳುತ್ತಾನಾ? ಇತ್ತ ಅವರ ಡ್ರಾಯರ್ ಟಾಫಿಯಿಂದ ತುಂಬಿತು, ಮಿಕ್ಕವರದೆಲ್ಲ ಖಾಲಿ. “ನನ್ನ ಫ್ರೆಂಡು ಯಾರೋ ಏನೋ, ಮಹಾ ಕಂಜೂಸ್” ಎಂದು ಟೈಪಿಸ್ಟ್ ಶಬಾನಾ ಗೊಣಗಿದರು. ಒಬ್ಬೊಬ್ಬರೂ ಹಾಗೇ ಗೊಣಗಿದರು. ಆದರೆ ಎರಡನೇ ವಾರದಲ್ಲಿ ಗೊಣಗಾಟ ನಿಂತಿತು. ಎಲ್ಲರ ಡ್ರಾಯರಿನಲ್ಲೂ ಟಾಫಿ ಬರತೊಡಗಿತ್ತು. ನನ್ನದರಲ್ಲೂ ಒಂದು. ಅದರ ಕಾಗದ ನೋಡಿದೆ: ಬೆಳಗ್ಗೆ ನಾನೇ ಆರೋಗ್ಯಂ ಡ್ರಾಯರಿಗೆ ಹಾಕಿದ್ದ ಜಾತಿಯದು.

ಮರುದಿನ ದೇವರ ಪಟದ ಮುಂದೆ ನಿಂತಾಗ ಬಾಯಿಂದ ‘ಆರೋಗ್ಯಂ’ ಎಂದು ಬಂದುಬಿಟ್ಟಿತು. ಮುಂದೇನು ಕೇಳಬೇಕೆಂದು ತಿಳಿಯಲಿಲ್ಲ. ಆಟದ ಆ ಶರತ್ತನ್ನು ಹಿಂದಿನ ವರ್ಷಗಳಲ್ಲೂ ಪಾಲಿಸದ ನನಗೆ ಬೇರೆಯವರಿಗಾಗಿ ಬೇಡುವ ಅಭ್ಯಾಸವೇ ಇರಲಿಲ್ಲವಲ್ಲ. “ಅವರನ್ನ ನೋಡ್ಕೋಪ್ಪಾ” ಎಂದು ಹೇಳಿ ಹೊರಬಂದೆ. ನನ್ನ ಬಡ್ತಿಯ ವಿಷಯ ಆ ದಿನ ಮರೆತೇಹೋಯಿತು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಗುಟ್ಟು ಬಿಡುವ ಹೊತ್ತು. ಮೊದಲು ಅಕೌಂಟೆಂಟ್ ಎದ್ದು ಆರೋಗ್ಯಂ ಎಂದರು. ಶಬಾನಾ ಎದ್ದು, “ಅರೆ, ನಂಗೂ ಅವರೇ! ದಿನಾ ನಮಾಜಲ್ಲಿ ದುವಾ ಮಾಡಿದೀನಿ” ಎಂದರು. ನಾಲ್ಕನೆಯವರು ಏಳುವಷ್ಟರಲ್ಲಿ ಎಲ್ಲರ ಕಣ್ಣೂ ನನ್ನ ಮೇಲೆ, ನಗುವೋ ನಗು. ಕೊನೆಗೆ ಆರೋಗ್ಯಂ ಎದ್ದರು. ಜೇಬಿನಿಂದ ಚೀಟಿ ತೆಗೆದರು, ಬಿಡಿಸಲಿಲ್ಲ. ನೇರ ನನ್ನ ಹತ್ತಿರ ಬಂದು, “ನನ್ ಫ್ರೆಂಡು ಇವ್ರು” ಎಂದು, ಅಚ್ಚಿನಲ್ಲಿ ಕರಿದ ರೋಸ್ ಕುಕ್ಕಿಯ ಪೊಟ್ಟಣ ಕೈಗಿಟ್ಟರು. “ದಿನಾ ನಿಮ್ ಹೆಸ್ರು ಹೇಳಿದೀನಿ ಸಾರ್, ಮಂಡಿನೋವು ಸೇರ್ಸಿ.”

ನನ್ನ ಹೆಸರಿನ ಚೀಟಿಯೇ ಆ ಡಬ್ಬಿಯಲ್ಲಿರಲಿಲ್ಲ. ಅದು ಗೊತ್ತಿದ್ದವರು ನಾವಿಬ್ಬರೇ.

ಸಂಜೆ ಮೆಟ್ಟಿಲಿಳಿಯುವಾಗ, “ತಪ್ಪಾಯ್ತು ಆರೋಗ್ಯಂ, ಪ್ರಾರ್ಥನೇನ ತಮಾಷೆ ಮಾಡ್ಬಿಟ್ಟೆ” ಎಂದೆ. ಅವರು ಎರಡು ಚೀಲದ ತುಂಬ ಸೋಪಿನ ಡಬ್ಬಿ, ಕರವಸ್ತ್ರ ಹೊತ್ತು ಏದುಸಿರು ಬಿಡುತ್ತ ನಿಂತರು. “ಎರಡು ವರ್ಷದಿಂದ ನನ್ ಹೆಸ್ರು ಹೇಳೋರು ಡಿಸೆಂಬರಲ್ಲಿ ಒಬ್ರು, ಅಷ್ಟೇ ಸಾರ್. ಈ ಸಲ ಹತ್ತು ಜನ. ಬಟನ್ ಯಾರು ಯಾಕ್ ಒತ್ತಿದ್ರೇನು, ಲಿಫ್ಟ್ ಮೇಲಕ್ಕೆ ಹೋಯ್ತಲ್ಲ!” ಎಂದು ನಕ್ಕರು. ಅವರ ದೇವರ ಬಗ್ಗೆ ನಾನು ಕೇಳಿದ ಪ್ರವಚನ ಅದೊಂದೇ. ಯೋಗ್ಯತೆ ನೋಡದೆ ಕೊಡುವುದನ್ನು ಅವರ ಚರ್ಚಿನಲ್ಲಿ ಕೃಪೆ ಎನ್ನುತ್ತಾರಂತೆ. ನನಗೆ ಅದು ಪೊಟ್ಟಣ ಕಟ್ಟಿ ಸಿಕ್ಕಿತ್ತು.

ಆಮೇಲೆ ಆರೋಗ್ಯಂ ನಿವೃತ್ತರಾದರು, ಮರ್ಫಿ ಟೌನಿನ ಮನೆ ಬಿಟ್ಟರು, ಎಲ್ಲಿ ಹೋದರೋ ಯಾರಿಗೂ ತಿಳಿಯದು. ಆಫೀಸು ಮಹದೇವಪುರದ ಗಾಜಿನ ಕಟ್ಟಡಕ್ಕೆ ಬಂತು. ಇಲ್ಲಿ ಲಿಫ್ಟಿದೆ. ಡಿಸೆಂಬರಿನಲ್ಲಿ ಕಂಪ್ಯೂಟರೇ ಹೆಸರು ಎತ್ತುತ್ತದೆ, ಯಾರಿಗೆ ಯಾರ ಹೆಸರು ಬಂದರೂ ಕಾಫಿ ಮಗ್ಗನ್ನೇ ಕೊಡುತ್ತಾರೆ, ಹೆಸರು ಹಿಡಿದು ಬೇಡುವ ಶರತ್ತು ಮಾತ್ರ ಇಲ್ಲ. ನನಗೆ ಆ ಮನುಷ್ಯ ಬೇಕೆನಿಸುತ್ತದೆ. ಆ ಪುಟ್ಟ ಪುಸ್ತಕದಲ್ಲಿ ನನ್ನ ಹೆಸರು ಇನ್ನೂ ಇದೆಯೋ, ಹೊಡೆದುಹಾಕಿದ್ದಾರೋ ಎಂದು ಕೇಳಬೇಕೆನಿಸುತ್ತದೆ. ಈಗ ಬೆಳಗ್ಗೆ ನನ್ನ ದೂರು ಶುರು ಮಾಡುವ ಮೊದಲು ಅವರ ಹೆಸರು ಹೇಳುತ್ತೇನೆ. ಡಿಸೆಂಬರ್ ಬಂದರೆ ಆಫೀಸಿಗೆ ಬರುವ ದಾರಿಯಲ್ಲೇ ಒಂದು ಟಾಫಿ ಕೊಂಡು ನನ್ನ ಡ್ರಾಯರಿನಲ್ಲಿ ನಾನೇ ಇಟ್ಟು, ಮಧ್ಯಾಹ್ನ ತೆರೆದಾಗ ಆಶ್ಚರ್ಯಪಡಲು ನೋಡುತ್ತೇನೆ. ಇಷ್ಟು ವರ್ಷವಾದರೂ ಅದು ನನಗೆ ಸರಿಯಾಗಿ ಬಂದಿಲ್ಲ.